ನಿದ್ದೆಯ ಲೆಕ್ಕವನ್ನೂ ಇಡಿ

ಕೇಳುಗರೆ, ನಮಸ್ಕಾರ.

ಸೈನಿಕರ ತಾಕತ್ತು ಅಂದ ಕೂಡಲೇ ನಮಗೆ ನೆನಪಾಗುವುದು ಓಟ, ಗುರಿ, ಬೆನ್ನ ಮೇಲಿನ ಭಾರ. ನಿದ್ದೆಯ ಮಾತು ಯಾರೂ ಎತ್ತುವುದಿಲ್ಲ. ಎತ್ತಿದರೂ, ಎರಡು ರಾತ್ರಿ ನಿದ್ದೆಗೆಟ್ಟು ದುಡಿದ ಅಂತ ಹೊಗಳುವುದೇ ಜಾಸ್ತಿ. ಈ ಹೊಗಳಿಕೆಯ ಬಗ್ಗೆ ನನಗೆ ತಕರಾರಿದೆ. ಮದ್ದುಗುಂಡು ಎಷ್ಟಿದೆ, ನೀರು ಎಷ್ಟಿದೆ, ಡೀಸೆಲ್ ಎಷ್ಟಿದೆ ಅಂತ ಲೆಕ್ಕ ಇಡುವ ಅಧಿಕಾರಿ, ತನ್ನ ಹುಡುಗರು ಎಷ್ಟು ಗಂಟೆ ಮಲಗಿದ್ದಾರೆ ಅನ್ನುವುದನ್ನೂ ಅದೇ ಪುಸ್ತಕದಲ್ಲಿ ಬರೆದಿಡಬೇಕು.

ನಿದ್ದೆ ಇಲ್ಲದಿದ್ದರೆ ಕೈಕಾಲು ಅಷ್ಟು ಬೇಗ ಸೋಲುವುದಿಲ್ಲ. ಮೊದಲು ಸೋಲುವುದು ತಲೆ. ಬೆಳಗಿನ ಜಾವ 3 ಗಂಟೆ ಅಂದುಕೊಳ್ಳಿ, ವೈರ್‌ಲೆಸ್‌ನಲ್ಲಿ ನಕ್ಷೆಯ ಮೇಲಿನ ಒಂದು ಜಾಗಕ್ಕೆ ಆರು ಅಂಕಿಯ ಗುರುತು ಬರುತ್ತದೆ, ನಿದ್ದೆಗೆಟ್ಟ ಸೈನಿಕ ಕೇಳಿಸಿಕೊಂಡು ಬರೆದುಕೊಳ್ಳುತ್ತಾನೆ, ಆದರೆ ಎರಡು ಅಂಕಿ ಅದಲುಬದಲಾಗಿವೆ. ಮತ್ತೆ ಓದಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಫಿರಂಗಿಗೆ ಗುರಿ ಇಡುವುದು ಇದೇ ಅಂಕಿ ನೋಡಿ, ಅಲ್ವಾ? ಆ ತಪ್ಪು ಜಾಗದಲ್ಲಿ ತಮ್ಮವರೇ ಇರಬಹುದು.

ಟ್ರಕ್ ಓಡಿಸುವವನ ಕಥೆ ಇನ್ನೊಂದು. ಕಣ್ಣು ತೆರೆದೇ ಇರುತ್ತದೆ, ಮಿದುಳು ಮಾತ್ರ ಎರಡು ಮೂರು ಸೆಕೆಂಡು ನಿದ್ದೆಗೆ ಜಾರಿ ವಾಪಸ್ ಬರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗ ಅಂದರೆ 3 ಸೆಕೆಂಡಿಗೆ 50 ಮೀಟರ್. ಅಷ್ಟು ದೂರ ಆ ಗಾಡಿಗೆ ಡ್ರೈವರೇ ಇರುವುದಿಲ್ಲ.

ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಒಂದು ಪ್ರಯೋಗ ತೋರಿಸಿತು. ಕುಡಿದು ಪಹರೆಗೆ ಬಂದವನನ್ನು ಯಾರೂ ಬಿಡುವುದಿಲ್ಲ. ನಿದ್ದೆಗೆಟ್ಟು ಬಂದವನ ಬೆನ್ನು ತಟ್ಟುತ್ತಾರೆ.

ನನ್ನನ್ನು ಜಾಸ್ತಿ ಹೆದರಿಸಿದ್ದು 2003ರ ಅಧ್ಯಯನ. ಎರಡು ವಾರ ದಿನಕ್ಕೆ 6 ಗಂಟೆ, ಇಲ್ಲವೇ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆ ಇಲ್ಲದವರಷ್ಟೇ ಕುಸಿದಿತ್ತು. ಕೇಳಿದರೆ, ತಾವು ಅಷ್ಟೊಂದು ಕುಸಿದಿದ್ದೇವೆ ಅಂತ ಅವರಿಗೇ ಅನ್ನಿಸಿರಲಿಲ್ಲ. ಹಾಗಾಗಿ "ನಾನು ಚೆನ್ನಾಗಿದ್ದೀನಿ ಸರ್" ಅನ್ನುವ ಮಾತನ್ನು ನಂಬಿ ಕೂರುವ ಹಾಗಿಲ್ಲ. ಸುಳ್ಳು ಹೇಳುತ್ತಿದ್ದಾನೆ ಅಂತಲ್ಲ, ಪಾಪ, ಅವನಿಗೇ ಗೊತ್ತಿರುವುದಿಲ್ಲ.

2017ರ ಜೂನ್‌ನಲ್ಲಿ ಜಪಾನ್ ಹತ್ತಿರ ಅಮೆರಿಕದ ಯುದ್ಧನೌಕೆ ಫಿಟ್ಜ್‌ಜೆರಾಲ್ಡ್ ಸರಕು ಹಡಗಿಗೆ ಡಿಕ್ಕಿಯಾಗಿ 7 ನಾವಿಕರು ಸತ್ತರು. ಆಗಸ್ಟ್‌ನಲ್ಲಿ ಸಿಂಗಪುರದ ಬಳಿ ಜಾನ್ ಎಸ್. ಮೆಕೇನ್ ನೌಕೆ ಟ್ಯಾಂಕರ್‌ಗೆ ಡಿಕ್ಕಿಯಾಗಿ 10 ಮಂದಿ. ತರಬೇತಿ, ಮೇಲ್ವಿಚಾರಣೆಯ ತಪ್ಪುಗಳ ಜತೆ ದಣಿವು ಕೂಡ ತನಿಖೆಯಲ್ಲಿ ಹೊರಬಂತು. ಆಮೇಲೆ ಅಲ್ಲಿನ ನೌಕಾಪಡೆ, ನಾವಿಕರು ದಿನಾ ಒಂದೇ ಹೊತ್ತಿಗೆ ಮಲಗುವ ಹಾಗೆ ಡ್ಯೂಟಿ ಪಾಳಿಯನ್ನು ಬದಲಿಸಲು ಹೇಳಿತು. ಹದಿನೇಳು ಜೀವ ಹೋದ ಮೇಲೆ.

ಕಾಫಿ ಇದೆಯಲ್ಲ ಅಂತ ಕೇಳಬಹುದು. ಎಚ್ಚರಕ್ಕೆ ಕಾಫಿ ಸಹಾಯ ಮಾಡುತ್ತದೆ, ನಿಜ. ಆದರೆ ಕೆಫೀನಿನ ಅರ್ಧದಷ್ಟು ಸುಮಾರು 5 ಗಂಟೆಯಾದರೂ ಮೈಯಲ್ಲೇ ಇರುತ್ತದೆ, ಪಾಳಿ ಮುಗಿಯುವ ಹೊತ್ತಿಗೆ ಕುಡಿದರೆ ಆಮೇಲಿನ ನಿದ್ದೆಗೂ ಕಲ್ಲು. ಅವಕಾಶ ಸಿಕ್ಕಾಗ ಇಪ್ಪತ್ತು ಮೂವತ್ತು ನಿಮಿಷದ ಜೊಂಪು ಇದಕ್ಕಿಂತ ಮೇಲು. ಎದ್ದ ತಕ್ಷಣ ಬಂದೂಕು, ಸ್ಟೀರಿಂಗ್ ಕೊಡಬೇಡಿ, ಮಂಪರು ಇಳಿಯಲು ಸ್ವಲ್ಪ ಹೊತ್ತು ಬೇಕು.

ಇನ್ನು, ಡ್ಯೂಟಿ ಮುಗಿಸಿ ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ನಿದ್ದೆ ಬಾರದವರು, ಕೆಟ್ಟ ಕನಸಿಗೆ ಬೆಚ್ಚಿ ಏಳುವವರು ಇದ್ದಾರೆ. ಮಲಗಲು ಕುಡಿಯಬೇಡಿ. ಕುಡಿದರೆ ಬೇಗ ನಿದ್ದೆ ಹತ್ತಬಹುದು, ಆದರೆ ನಡುರಾತ್ರಿಯ ನಂತರ ಅದು ಚೂರುಚೂರಾಗುತ್ತದೆ. ಗೊರಕೆ ಹೊಡೆಯುವಾಗ ಉಸಿರು ಕಟ್ಟುತ್ತಿದ್ದರೆ ಅದು ಬೇರೆ ಕಾಯಿಲೆ, ಅದಕ್ಕೂ ಚಿಕಿತ್ಸೆ ಇದೆ. ಹಳೇ ನಿದ್ರಾಹೀನತೆಗೆ ವೈದ್ಯರು ಮೊದಲು ಹೇಳುವುದು ಮಾತ್ರೆಯನ್ನಲ್ಲ, ಮಲಗುವ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ವರ್ತನಾ ಚಿಕಿತ್ಸೆಯನ್ನು. ದಯವಿಟ್ಟು ಹೋಗಿ ತೋರಿಸಿಕೊಳ್ಳಿ.

ಅಧಿಕಾರಿಗಳಿಗೆ ಇನ್ನೊಂದು ಮಾತು. ಹುಡುಗರನ್ನು ಮಲಗಿಸಿ ನೀವು ಎಚ್ಚರ ಕೂರುತ್ತೀರಿ, ಆದರೆ ಎಲ್ಲರಿಗಿಂತ ದೊಡ್ಡ ತೀರ್ಮಾನ ತೆಗೆದುಕೊಳ್ಳುವವರು ನೀವೇ. ನಿಮ್ಮ ಜಾಗದಲ್ಲಿ ಯಾರು ಕೂರಬೇಕು ಅಂತ ಮೊದಲೇ ಗೊತ್ತು ಮಾಡಿ, ಅವರಿಗೆ ಹೇಳಿ, ನೀವೂ ಮಲಗಿ. ನಮಸ್ಕಾರ.