ಎದೆ ಮೇಲಿನ ಮೂರಕ್ಷರ

ನಮಸ್ಕಾರ ಕೇಳುಗರೇ. ಇವತ್ತು ಒಂದು ಪೇಂಟಿಂಗ್ ಬಗ್ಗೆ ಮಾತಾಡ್ತೀನಿ, ರೇಡಿಯೋದಲ್ಲಿ ತೋರಿಸೋಕಂತೂ ಆಗಲ್ಲ, ನೀವೇ ಕಣ್ಮುಂದೆ ತಂದ್ಕೋಬೇಕು. ಆಳೆತ್ತರದ ಚಿತ್ರ. ಒಬ್ರು ಸನ್ಯಾಸಿ ನಿಂತಿದಾರೆ, ಬಿಳಿ ನಿಲುವಂಗಿ, ಅದರ ಮೇಲೆ ಕಪ್ಪು ಹೊದಿಕೆ. ಎದೆ ಹತ್ರ ಬಟ್ಟೆ ಸರಿಸಿ ಕಬ್ಬಿಣದ ಮೊನೆಯಿಂದ ತಮ್ಮ ಚರ್ಮದ ಮೇಲೇ ಬರೀತಿದಾರೆ, ಆದ್ರೆ ನೋಡ್ತಿರೋದು ಮಾತ್ರ ಮೇಲಕ್ಕೆ. ನಮ್ಮೋರು ತಾಳೆಗರಿ ಮೇಲೆ ಬರೆಯೋಕೆ ಕಂಟ ಇಟ್ಕೋತಿದ್ರಲ್ಲ, ಅಂಥದ್ದೇ, ಅವರ ಕಡೆ ಮೇಣದ ಹಲಗೆ ಮೇಲೆ ಬರೆಯೋಕೆ ಬಳಸ್ತಿದ್ರು.

ಇವರು ಹೈನ್ರಿಚ್ ಸೂಸೋ. ಜರ್ಮನ್ ಸೀಮೆಯ ಡೊಮಿನಿಕನ್ ಅನ್ನೋ ಕ್ರೈಸ್ತ ಪಂಗಡದ ಸನ್ಯಾಸಿ, ಅದೇ ಪಂಗಡದ ಅನುಭಾವಿ ಮೈಸ್ಟರ್ ಎಕ್‌ಹಾರ್ಟ್ ಶಿಷ್ಯರು, ತೀರಿಕೊಂಡಿದ್ದು 1366ರಲ್ಲಿ. ಚಿತ್ರ ಬರೆದೋರು ಸ್ಪೇನಿನ ಜುರ್ಬರಾನ್, ಅದೂ 1636-38ರ ಸುಮಾರಿಗೆ, ಸೆವಿಲ್ಲೆಯ ಪೋರ್ತಾ ಚೇಲಿ ಅನ್ನೋ ಡೊಮಿನಿಕನ್ ಮಠಕ್ಕೆ. ಅಂದ್ರೆ ಹತ್ತಿರ ಹತ್ತಿರ 270 ವರ್ಷ ಆದ್ಮೇಲೆ! ತಮಾಷೆ ಏನಂದ್ರೆ ರೋಮಿನ ಚರ್ಚಿನೋರು ಸೂಸೋನ 'ಧನ್ಯರು', ಅಂದ್ರೆ ಸಂತರಾಗೋಕೆ ಒಂದು ಮೆಟ್ಟಿಲು ಕೆಳಗೆ, ಅಂತ ಒಪ್ಪಿದ್ದು 1831ರಲ್ಲಿ, ಮಠದೋರು ಅಷ್ಟೊತ್ತಿಗೆ ಎರಡು ಶತಮಾನದಿಂದ ಅವರ ಚಿತ್ರ ಗೋಡೆಗೆ ಹಾಕ್ಕೊಂಡಾಗಿತ್ತು.

ಸೂಸೋ ಎದೆ ಮೇಲೆ ಬರೆದಿದ್ದು ಯೇಸುವಿನ ಹೆಸರು, ಗ್ರೀಕ್ ಹೆಸರಿನ ಚಿಕ್ಕ ರೂಪ, ಐ ಎಚ್ ಎಸ್ ಅಂತ ಮೂರೇ ಅಕ್ಷರ. ಒಂದೊಂದಕ್ಕೂ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಎದೆ ಬಡಿದಾಗಲೆಲ್ಲ ಹೆಸರೂ ಅಲ್ಲಾಡ್ತಿತ್ತಂತೆ. ಶೋಕಿಗೆ ಹಾಕಿಸಿಕೊಳ್ಳೋ ಟ್ಯಾಟೂ ಅಂದ್ಕೋಬೇಡಿ, ಒಬ್ಬ ಆಪ್ತರಿಗೆ ಬಿಟ್ರೆ ಬೇರೆ ಯಾರಿಗೂ ತೋರಿಸದೆ ಮುಚ್ಚಿಟ್ಕೊಂಡಿದ್ರು.

ಹಾಗಾದ್ರೆ ನಮಗೆ ಗೊತ್ತಾಗಿದ್ದು ಹೇಗೆ? ಇಲ್ಲೇ ನಂಗೆ ಇಷ್ಟವಾದ ಕಥೆ ಇರೋದು. ಈಗಿನ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಹತ್ರ ಟ್ಯೋಸ್ ಅನ್ನೋ ಕನ್ಯಾಮಠದಲ್ಲಿ ಎಲ್ಸ್‌ಬೆಟ್ ಸ್ಟಾಗೆಲ್ ಅಂತ ಒಬ್ಬ ಕನ್ಯಾಸ್ತ್ರೀ ಇದ್ರು, ಸೂಸೋ ಬಂದಾಗೆಲ್ಲ ಮಾತಾಡಿಸಿ ಮಾತಾಡಿಸಿ ಹೇಳಿದ್ದನ್ನೆಲ್ಲ ಗುಟ್ಟಾಗಿ ಬರೆದಿಟ್ಕೊಂಡ್ರು. ಗೊತ್ತಾದ ತಕ್ಷಣ ಸೂಸೋ ಇಸ್ಕೊಂಡು ಸುಟ್ಟೇಬಿಟ್ರು! ಇನ್ನೊಂದಿಷ್ಟು ಸುಡೋಕೆ ಹೊರಟಾಗ ಬೇಡ ಅಂತ ದೇವರ ಅಪ್ಪಣೆ ಆಯ್ತಂತೆ, ಉಳಿದಿದ್ದು ಅಷ್ಟು. ಆಯಮ್ಮನೂ ಮೈ ದಂಡಿಸ್ಕೊಳ್ಳೋಕೆ ಶುರು ಮಾಡಿದಾಗ, ಬಿಟ್ಬಿಡು, ಅದು ನಿನಗಲ್ಲ ಅಂತ ಸೂಸೋನೇ ತಡೆದ್ರು. ಆಯಮ್ಮ ಏನ್ಮಾಡಿದ್ರು ಗೊತ್ತಾ, ಕೆಂಪು ರೇಷ್ಮೆ ದಾರದಲ್ಲಿ ಅದೇ ಹೆಸರನ್ನ ಬಿಳಿ ಬಟ್ಟೆ ಚೂರುಗಳ ಮೇಲೆ ಕಸೂತಿ ಹಾಕಿದ್ರು, ಒಂದೆರಡಲ್ಲ, ರಾಶಿ. ಸೂಸೋ ಅವನ್ನ ಬರಿ ಎದೆಗೆ ಒತ್ತಿಕೊಂಡು ಕೊಟ್ರು, ಅದು ಭಕ್ತರಿಗೆಲ್ಲ ಹೋಯ್ತು.

ಚಿತ್ರದಲ್ಲಿ ಆಯಮ್ಮ ಇಲ್ಲ, ಸೂಜಿದಾರನೂ ಇಲ್ಲ. ಮಠದ ಗಂಡಸರಿಗೆ ಬೇಕಿದ್ದಿದ್ದು ಕಬ್ಬಿಣ ಹಿಡಿದ ಗಂಡಸು, ಅದು ನನ್ನ ಅನುಮಾನ. ಆದ್ರೆ ಜುರ್ಬರಾನ್ ಅವರಪ್ಪ ಬಟ್ಟೆ ವ್ಯಾಪಾರಿ, ಮಗನ ಕೈಯಲ್ಲಿ ಬಟ್ಟೆ ಅಂದ್ರೆ ಬೇರೆನೇ, ಆ ಬಿಳಿ ಉಣ್ಣೆಯ ತೂಕ, ಮಡಿಕೆ ಒಳಗಿನ ನೆರಳು ನೋಡ್ತಾ ನೋಡ್ತಾ ಗಾಯ ಮರೆತೇ ಹೋಗತ್ತೆ.

ಈಗ ಈ ಚಿತ್ರ ಸೆವಿಲ್ಲೆಯ ಲಲಿತಕಲಾ ಮ್ಯೂಸಿಯಂನಲ್ಲಿದೆ. ಅದೂ ಒಂದು ಹಳೇ ಮಠದ ಕಟ್ಟಡನೇ. ಹೋಗೋ ಅವಕಾಶ ಸಿಕ್ಕಿದ್ರೆ ಮೊದಲು ಆ ಬಿಳಿ ಅಂಗಿ ನೋಡಿ, ಎದೆ ಆಮೇಲೆ. ನಮಸ್ಕಾರ.