ನಾಯಿ ಹಿಂದಿನ ಕಾಲು ಎಳೀತೈತಿ ಅಂದ್ರ ನರದ್ದೋ, ಕೀಲಿಂದೋ?

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ನಾಯಿ ಹಿಂದಿನ ಕಾಲು ಎಳಿಯಾಕ ಹತ್ತಿತಂದ್ರ ಸಾಕು, ಓಣಿ ಮಂದಿ ಎಲ್ಲಾ ಸೇರಿ ಲಕ್ವಾ ಹೊಡದೈತಿ ಅಂತ ತೀರ್ಪು ಕೊಟ್ಟಬಿಡ್ತಾರ, ಮ್ಯಾಲ ಎಣ್ಣಿ ತಿಕ್ಕ್ರಿ ಅಂತ ಸಲಹೆ ಬ್ಯಾರೆ. ಆದ್ರ ಎಲ್ಲಾ ನರದ್ದ ಇರೂದಿಲ್ರಿ. ಉಣ್ಣಿ ಜ್ವರದಾಗ ರಕ್ತ ಕಡಿಮಿ ಆದ್ರೂ ನಾಯಿ ಏಳೂದಿಲ್ಲ, ಲ್ಯಾಬ್ರಡಾರ್‌ಗೆ ಸೊಂಟದ ಕೀಲು ಸವದ್ರೂ ಏಳಾಕ ಒದ್ದಾಡ್ತೈತಿ.

ಡಾಕ್ಟ್ರು ಹೆಂಗ ಗುರ್ತು ಹಿಡೀತಾರ ನೋಡ್ರಿ. ನಾಯಿ ಭಾರ ಹಿಡಕೊಂಡು ನಿಂದರ್ಸಿ, ಪಾದ ಮಡಚಿ ಮ್ಯಾಲಿನ ಭಾಗ ನೆಲಕ್ಕ ತಾಗೂವಂಗ ಇಡ್ತಾರ. ನರ ಸರಿ ಇದ್ರ ಪಟಕ್ಕನ ಪಾದ ತಿರುಗಿಸಿ ಇಡ್ತೈತಿ, ಬರೇ ಕೀಲು ನೋವಿದ್ದ ನಾಯಿನೂ ಹೆಚ್ಚಾಗಿ ಹಂಗ ಮಾಡ್ತೈತಿ. ಮಡಚಿದ್ದು ಗೊತ್ತಾಗದ ಹಂಗ ನಿಂತಿತಂದ್ರ ನರದ ಮ್ಯಾಲ ಅನುಮಾನ. ಆಮ್ಯಾಲ ಮೊಣಕಾಲ ಕೆಳಗ ಸಣ್ಣ ಸುತ್ತಿಗಿಲೆ ತಟ್ತಾರ. ಮುಂದಿನ ಕಾಲು ಚಲೋ ಇದ್ದು, ಹಿಂದಿನ ಕಾಲಾಗ ಶಕ್ತಿ ಇಲ್ಲದಿದ್ರೂ ತಟ್ಟಿದಾಗ ಜೋರ್ ಒದಿತಂದ್ರ ತೊಂದ್ರಿ ಬೆನ್ನಿನ ನಡುಭಾಗದಾಗ, ಒದಿಯದ ಜೋತು ಬಿತ್ತಂದ್ರ ಸೊಂಟದ ಕಡೆ ಇಲ್ಲಾ ಕಾಲಿನ ನರದಾಗ. ಈ ಜಾಗ ಗೊತ್ತಾಗದ ಸ್ಕ್ಯಾನ್ ಮಾಡ್ಸಿದ್ರ ರೊಕ್ಕ ದಂಡ, ಎಕ್ಸ್‌ರೇದಾಗಂತೂ ಎಲುಬು ಕಾಣ್ತೈತಿ ಬೆನ್ನುಹುರಿ ಕಾಣೂದಿಲ್ಲ, ಅದಕ್ಕ ಎಂಆರ್‌ಐನಂಥ ಸ್ಕ್ಯಾನ್ ಬೇಕು.

ಈಗ ಎಲ್ಲಾರೂ ತಪ್ಪು ತಿಳ್ಕೊಳ್ಳೂದು. ಬೆರಳು ಚಿವುಟಿದಾಗ ಕಾಲು ಹಿಂದಕ್ಕ ಎಳಕೊಂತು, ನೋವು ಗೊತ್ತಾಗ್ತೈತಿ ಅಂತ ಖುಷಿ ಪಡ್ತೀರಿ. ಇಲ್ರಿ, ಕಾಲು ಎಳಕೊಳ್ಳೂದು ಬೆನ್ನುಹುರಿ ಒಂದ ಮಾಡೂ ಕೆಲ್ಸ, ಮೆದುಳಿಗೆ ಸುದ್ದಿ ಮುಟ್ಟಿರಬೇಕಂತಿಲ್ಲ. ನಾಯಿ ತಿರುಗಿ ನೋಡ್ಬೇಕು, ಇಲ್ಲಾ ಕುಂಯ್ ಅನ್ಬೇಕು, ಇಲ್ಲಾ ಕಚ್ಚಾಕ ಬರ್ಬೇಕು, ಅವಾಗ ಗೊತ್ತಾತು ಅಂತ ಅರ್ಥ. ಡ್ಯಾಶ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗೆ ಡಿಸ್ಕ್ (ಬೆನ್ನೆಲುಬಿನ ನಡುವಿನ ಮೆತ್ತನ ಗಾದಿ) ಸರದು ಈ ನೋವೂ ಗೊತ್ತಾಗದಂಗ ಆತಂದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ, ಅವತ್ತ ಓಡ್ರಿ.

ಇನ್ನೊಂದ್ ಜಾತಿ ರೋಗ ಐತಿ, ಮೈಸ್ತೇನಿಯಾ, ಅಂದ್ರ ನರದ ಸುದ್ದಿ ಸ್ನಾಯುವಿಗೆ ಸರಿಯಾಗಿ ಮುಟ್ಟದ ರೋಗ. ಎದ್ದಾಗ ಚಲೋ ನಡೀತೈತಿ, ನಡದಂಗ ನಡದಂಗ ಸೋತು ಕುಂದರ್ತೈತಿ, ಸ್ವಲ್ಪ ರೆಸ್ಟ್ ಆದ್ಮ್ಯಾಲ ಮತ್ತ ನಡೀತೈತಿ. ಡಾಕ್ಟ್ರ ಟೇಬಲ್ ಮ್ಯಾಲ ಇದು ಬಾಳ ಸಲ ಕಾಣೂದಿಲ್ಲ, ಹಿಂಗಾಗಿ ಮೊಬೈಲ್‌ದಾಗ ವಿಡಿಯೋ ಮಾಡ್ಕೊಂಡು ಹೋಗ್ರಿ.

ಆದ್ರ ದವಡಿ ಜೋತು ಬಿದ್ದು, ಜೊಲ್ಲು ಸುರದು, ನುಂಗಾಕ ಆಗವಲ್ದು ಅಂದ್ರ ಗಂಟಲದಾಗ ಎಲುಬು ಸಿಕ್ಕೈತಿ ಅಂತ ಬಾಯಾಗ ಕೈ ಹಾಕಬ್ಯಾಡ್ರಿ. ರೇಬೀಸ್ ಬರೇ ಕಚ್ಚಾಕ ಬೆನ್ನ ಹತ್ತೂದಲ್ರಿ, ಹಿಂಗ ಸುಮ್ನ ಮಲಗಿಸೂ ರೇಬೀಸೂ ಐತಿ. ಜೊಲ್ಲು ಗಾಯಕ್ಕ ತಾಗಿತ್ತಂದ್ರ ಸಬಕಾರ ಹಚ್ಚಿ 15 ನಿಮಿಷ ನೀರಾಗ ತೊಳದು ಸೀದಾ ಲಸಿಕಿಗೆ ಹೋಗ್ರಿ, ನಾಯಿದು ಆಮ್ಯಾಲ.