ಡಬ್ಬಿ ಬಿಚ್ಚಿ, ಕಾರು ಕಟ್ಟಿ

ನಮಸ್ಕಾರ. ಅಮೆರಿಕದ ಹಳೇ ಕಾರುಗಳ ಮಾಡೆಲ್ ಕಿಟ್, ಅಂದರೆ ಬಿಡಿ ಭಾಗ ಜೋಡಿಸಿ ಪುಟ್ಟ ಕಾರು ಕಟ್ಟುವ ಡಬ್ಬಿ, ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಗಡಿಯಾರ ಎದುರಿಗೇ ಇದೆ. ಹಾಗಾಗಿ ಹೇಳಬೇಕಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಪಾಟಿನಲ್ಲಿ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಇಟ್ಟಿರುವ ಕಿಟ್ ಇದೆಯಲ್ಲ, ಅದನ್ನು ಬಿಚ್ಚಿ. ಬಿಚ್ಚಿ ಕಟ್ಟಿ.

ಕೇಳುತ್ತಿರುವವರು ಯಾರು ಅಂತ ನನಗೆ ಅಂದಾಜಿದೆ. ಡೆಟ್ರಾಯ್ಟ್ ಸುತ್ತಮುತ್ತ ಮನೆ ಮಾಡಿಕೊಂಡು ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು. ದಿನವಿಡೀ ಪರದೆಯ ಮೇಲೆ ಒಂದು ಬಾಗಿಲನ್ನೋ ಒಂದು ಬಂಪರನ್ನೋ ತಿರುಗಿಸಿ ತಿರುಗಿಸಿ ನೋಡಿ, ಕೈಯಲ್ಲಿ ಒಮ್ಮೆಯೂ ಮುಟ್ಟದೆ ಸಂಜೆ ಮನೆಗೆ ಬರುವವರು. ಪಕ್ಕದಲ್ಲಿ ಮಕ್ಕಳೂ ಇರಬಹುದು, ಬಹುಶಃ ಬಲವಂತಕ್ಕೆ.

ನಿಮ್ಮಲ್ಲಿ ಟ್ರಾಯ್ ಊರಿನವರು ಜಾಸ್ತಿ ಅಲ್ವಾ? ನೀವು ದಿನಾ ಓಡಾಡುವ ಈಸ್ಟ್ ಮೇಪಲ್ ರಸ್ತೆಯಲ್ಲೇ ಮಾಡೆಲ್ ಕಾರು ಮಾಡುವ ಎಎಂಟಿ ಕಂಪನಿ ಇತ್ತು. ಶುರುವಾದದ್ದು 1948ರಲ್ಲಿ. ಮೊದಲು ಅಲ್ಯೂಮಿನಿಯಂ ಕಾರು, ಆಮೇಲೆ ಪ್ಲಾಸ್ಟಿಕ್. ಅವು ಅಂಗಡಿಯ ಆಟಿಕೆಗಳಾಗಿರಲಿಲ್ಲ. ಹೊಸ ಕಾರು ಬಂದಾಗ ಶೋರೂಮಿನ ಮೇಜಿನ ಮೇಲಿಡಲು, ಗಿರಾಕಿಯ ಮಗನ ಕೈಗೆ ಒಂದು ಕೊಟ್ಟು ಅಪ್ಪನ ಮನಸ್ಸು ಕರಗಿಸಲು ಡೀಲರುಗಳು ಬಳಸುತ್ತಿದ್ದ ಮಾಡೆಲ್‌ಗಳು. 1958ರಲ್ಲಿ ಅದೇ ಮಾಡೆಲ್‌ಗಳು ಬಿಡಿ ಭಾಗಗಳಾಗಿ ಡಬ್ಬಿಯೊಳಗೆ ಬಂದವು. ಒಂದೇ ಡಬ್ಬಿಯಲ್ಲಿ ಮೂರು ಬಗೆ. ಕಂಪನಿಯಿಂದ ಬಂದ ಹಾಗೆ ಕಟ್ಟಬಹುದು, ನಿಮ್ಮಿಷ್ಟದಂತೆ ಬದಲಿಸಿ ಕಟ್ಟಬಹುದು, ಇಲ್ಲ ರೇಸ್ ಕಾರು ಮಾಡಬಹುದು. ಇದೇ ಕೆಲಸದ ಬೇರೆ ಕಂಪನಿಗಳೂ ಇದ್ದವು. ಡೆಟ್ರಾಯ್ಟ್‌ನಲ್ಲಿ ಜೋ-ಹ್ಯಾನ್, ಮೌಂಟ್ ಕ್ಲೆಮೆನ್ಸ್‌ನಲ್ಲಿ ಎಂಪಿಸಿ ಇದ್ದವು. ದೂರದ ಕ್ಯಾಲಿಫೋರ್ನಿಯಾದಲ್ಲಿ ರೆವೆಲ್, ಷಿಕಾಗೋದಲ್ಲಿ ಮೊನೊಗ್ರಾಮ್.

ಅಳತೆ ಸಾಮಾನ್ಯವಾಗಿ ಅಸಲಿ ಕಾರಿನ 1/25. ಲೆಕ್ಕ ಸುಲಭ. 1957ರ ಷೆವರ್ಲೆ ಬೆಲ್ ಏರ್ 200 ಇಂಚು ಉದ್ದ, ಮಾಡೆಲ್ 8 ಇಂಚು. 1959ರ ಕ್ಯಾಡಿಲಾಕ್ 225 ಇಂಚು, ಮಾಡೆಲ್ 9 ಇಂಚು.

ಈಗ ಡಬ್ಬಿ ಬಿಚ್ಚದವರ ವಾದಕ್ಕೆ ಬರೋಣ. "ಸಾರ್, ಬಿಚ್ಚಿದರೆ ಬೆಲೆ ಹೋಗುತ್ತದೆ." ಇದನ್ನು ಕೇಳಿ ಕೇಳಿ ಸಾಕಾಗಿದೆ. ಬೆಲೆ ಯಾಕೆ ಬಂತು ಅಂತ ಗೊತ್ತೇ? ಆಗ ಪ್ರತಿ ವರ್ಷ ಕಾರಿನ ಮುಖ ಬದಲಾಗುತ್ತಿತ್ತು. ಮಾಡೆಲ್ ಎರಕ ಹೊಯ್ಯುವ ಉಕ್ಕಿನ ಅಚ್ಚು ಬಹಳ ದುಬಾರಿ. ಹಾಗಾಗಿ ಹೊಸದು ಮಾಡದೆ, ಕಳೆದ ವರ್ಷದ ಅಚ್ಚನ್ನೇ ಕೆತ್ತಿ ಈ ವರ್ಷದ ಕಾರಿಗೆ ಹೊಂದಿಸುತ್ತಿದ್ದರು. ಅಲ್ಲಿಗೆ ಹಳೇ ವರ್ಷದ ಕಾರು ಮತ್ತೆ ಅಚ್ಚಾಗುವಂತಿರಲಿಲ್ಲ. ಅರವತ್ತರ ದಶಕದ ಕಿಟ್‌ಗಳಿಗೆ ಈ ಪರಿ ಕಾಸು ಸುರಿಯುವುದು ಇದಕ್ಕೇ. ಒಪ್ಪುತ್ತೇನೆ. ಆದರೆ ಡಬ್ಬಿಯೊಳಗೆ ಅದು ಕ್ಷೇಮವಾಗಿದೆ ಅಂದುಕೊಂಡಿದ್ದೀರಲ್ಲ, ಅದು ಸುಳ್ಳು. ಟೈರಿನ ಮೆತ್ತನೆ ವಿನೈಲ್ ಪಕ್ಕದ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಗಾಜಿನ ಭಾಗಕ್ಕೆ ಟೈರು ತಾಗಿಕೊಂಡಿದ್ದರೆ ಮುಗಿಯಿತು, ಟೈರಿನ ಗುರುತು ಅದರ ಮೇಲೆ ಕೂತಿರುತ್ತದೆ. ಡಿಕಾಲ್, ಅಂದರೆ ಮೈಮೇಲೆ ಅಂಟಿಸುವ ಚಿತ್ರ, ಹಳದಿಯಾಗುತ್ತದೆ. ಐವತ್ತರ ದಶಕದ ಡೀಲರ್ ಮಾಡೆಲ್‌ಗಳಂತೂ ಅಸಿಟೇಟ್ ಪ್ಲಾಸ್ಟಿಕ್ಕಿನವು, ಇಟ್ಟಲ್ಲೇ ಸೊಟ್ಟಗಾಗುತ್ತವೆ. ನೀವು ಮುಟ್ಟದಿದ್ದರೂ ಅದು ಹಾಳಾಗುತ್ತದೆ ಸ್ವಾಮಿ. ಬಿಚ್ಚಿ ಕಟ್ಟಿ.

ಈಗ ನನ್ನ ಮೆಚ್ಚಿನ ಕಥೆ. ಜನರಲ್ ಮೋಟರ್ಸ್‌ಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಫಿಷರ್ ಬಾಡಿ, 1930ರಿಂದ 1968ರವರೆಗೆ ಮಾಡೆಲ್ ಕಟ್ಟುವ ಸ್ಪರ್ಧೆಯೊಂದನ್ನು ನಡೆಸಿತು. ಮೊದಲು ನೆಪೋಲಿಯನ್ ಕಾಲದ ಸಾರೋಟು ಕಟ್ಟಬೇಕಿತ್ತು. ಆಮೇಲಾಮೇಲೆ ತಾವೇ ಊಹಿಸಿದ ಹೊಸ ಕಾರು. ಕಿಟ್ ಇಲ್ಲ, ಎಲ್ಲ ಕೈಯಿಂದಲೇ. ಬಹುಮಾನ ಕಾಲೇಜಿನ ವಿದ್ಯಾರ್ಥಿವೇತನ. ಹುಡುಗರಿಗೆ ಮಾತ್ರ ಪ್ರವೇಶ, ಅದು ಆ ಕಾಲದ ಕರ್ಮ. 1947ರಲ್ಲಿ ಗೆದ್ದವರಲ್ಲಿ ಕ್ಯಾಲಿಫೋರ್ನಿಯಾದ ಚಕ್ ಜೋರ್ಡನ್ ಅನ್ನುವ ಹುಡುಗ ಒಬ್ಬ. ಎಂಐಟಿಯಲ್ಲಿ ಓದು ಮುಗಿಸಿ 1949ರಲ್ಲಿ ಜನರಲ್ ಮೋಟರ್ಸ್ ಸೇರಿದ.

1956ರ ಆಗಸ್ಟ್. ವಾರೆನ್‌ನಲ್ಲಿ ಜನರಲ್ ಮೋಟರ್ಸ್‌ನ ಟೆಕ್ ಸೆಂಟರ್ ಆಗಷ್ಟೇ ಶುರುವಾಗಿತ್ತು. ನಿಮ್ಮಲ್ಲಿ ಎಷ್ಟೋ ಜನ ಈಗಲೂ ಬೆಳಿಗ್ಗೆ ಹೋಗಿ ಬ್ಯಾಡ್ಜ್ ಒತ್ತುವ ಅದೇ ಜಾಗ. ಒಳಗೆ 1959ರ ಕಾರುಗಳ ಕೆಲಸ ನಡೆಯುತ್ತಿತ್ತು. ದಪ್ಪನೆಯ, ಭಾರವಾದ, ಕ್ರೋಮ್ ಮೆತ್ತಿದ ಕಾರುಗಳು. ವಿನ್ಯಾಸದ ದೊರೆ ಹಾರ್ಲಿ ಅರ್ಲ್ ಯುರೋಪಿಗೆ ಹೋಗಿದ್ದರು. ಜೋರ್ಡನ್ ಊಟದ ಹೊತ್ತಿನಲ್ಲಿ ಸುಮ್ನೆ ಕಾರು ತೆಗೆದುಕೊಂಡು ಮೌಂಡ್ ರಸ್ತೆಯಲ್ಲಿ ಹೊರಟರು. ಕ್ರೈಸ್ಲರ್‌ನವರ ಬೇಲಿಯ ಆಚೆ ಸಾಲಾಗಿ ನಿಂತಿದ್ದವು, ಇನ್ನೂ ಮಾರುಕಟ್ಟೆಗೆ ಬಾರದ 1957ರ ಪ್ಲಿಮತ್‌ಗಳು. ತೆಳ್ಳಗಿನ ಮೈ, ತಗ್ಗಿನ ಛಾವಣಿ, ಹಿಂದೆ ಎದ್ದು ನಿಂತ ರೆಕ್ಕೆಗಳು. ಒಂದು ನೋಟ ಸಾಕಾಯಿತು. ನಾವು ಕಟ್ಟುತ್ತಿರುವುದೆಲ್ಲ ಈಗಲೇ ಹಳತು ಅಂತ ಅರ್ಥವಾಯಿತು. ಓಡಿ ಬಂದು ಅರ್ಲ್ ಕೈಕೆಳಗಿನ ಹಿರಿಯ ವಿನ್ಯಾಸಕ ಬಿಲ್ ಮಿಚೆಲ್‌ಗೆ ಹೇಳಿದರು, ಉಳಿದವರೂ ಹೋಗಿ ಬೇಲಿ ಇಣುಕಿ ಬಂದರು, ಯಜಮಾನರು ಊರಲ್ಲಿಲ್ಲದ ಆ ಹೊತ್ತಿನಲ್ಲೇ ಇಡೀ ತಂಡ ಹೊಸದಾಗಿ ಗೆರೆ ಎಳೆಯಲು ಕೂತಿತು. ಅರ್ಲ್ ವಾಪಸ್ ಬಂದರು, ನೋಡಿದರು, ಒಪ್ಪಿಕೊಂಡರು. ಹಾಗೆ ಹುಟ್ಟಿದ್ದು 1959ರ ಕ್ಯಾಡಿಲಾಕ್. ಆಕಾಶಕ್ಕೆ ಚಾಚಿದ ರೆಕ್ಕೆ, ಅದರಲ್ಲಿ ಬಂದೂಕಿನ ಗುಂಡಿನಾಕಾರದ ಜೋಡಿ ಕೆಂಪು ದೀಪ. ಜೋರ್ಡನ್ ಅಷ್ಟರಲ್ಲಿ ಕ್ಯಾಡಿಲಾಕ್ ಸ್ಟುಡಿಯೋದ ಮುಖ್ಯಸ್ಥರಾಗಿದ್ದರು. 1986ರಲ್ಲಿ ಇಡೀ ಜನರಲ್ ಮೋಟರ್ಸ್ ವಿನ್ಯಾಸಕ್ಕೇ ಹಿರಿಯರಾದರು.

ಬೇಲಿಯ ಸಂದಿಯಿಂದ ಒಂದು ಸಲ ನೋಡಿ ಕಾರಿನ ಮೈ ಓದುವ ಕಣ್ಣು ಎಲ್ಲಿಂದ ಬಂತು? ಪುಸ್ತಕದಿಂದ ಬರಲಿಲ್ಲ. ಕೈಯಲ್ಲಿ ಉಜ್ಜಿ ಉಜ್ಜಿ ಕಾರು ಕಟ್ಟಿದ್ದರಿಂದ ಬಂತು. ಸೀಲ್ ಒಡೆಯದ ಡಬ್ಬಿ ನೋಡುತ್ತಾ ಕೂತಿದ್ದರೆ ಬರುತ್ತಿತ್ತೇ?

ಅಯ್ಯೋ, ಸಮಯ ಓಡಿಹೋಗಿದೆ. ಕಟ್ಟುವ ಕ್ರಮ ಬೇಗ ಹೇಳುತ್ತೇನೆ, ಬರೆದುಕೊಳ್ಳಿ. ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ, ಅಚ್ಚಿನ ಜಿಡ್ಡು ಇದ್ದರೆ ಬಣ್ಣ ಹಿಡಿಯುವುದಿಲ್ಲ. ಅಂಟು ಹಚ್ಚುವ ಮೊದಲು ಒಣಗಿದ್ದಾಗಲೇ ಜೋಡಿಸಿ ನೋಡಿ. ಅಚ್ಚು ಸೇರಿದ ಕಡೆ ಗೆರೆ ಇರುತ್ತದೆ, ಸ್ಯಾಂಡ್ ಪೇಪರಿನಿಂದ ತೆಗೆಯಿರಿ. ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಲೇಪ, ಹೊಡೆಯದೆ ಬಣ್ಣ ಬೇಡ. ಬಣ್ಣವನ್ನು ಕಾವಲಿಗೆ ಎಣ್ಣೆ ಸವರಿದ ಹಾಗೆ ತೆಳ್ಳಗೆ, ಹಲವು ಸಲ ಹೊಡೆಯಿರಿ. ಒಂದೇ ಸಲ ಸುರಿದರೆ ಇಳಿದು ಬರುತ್ತದೆ. ಗಾಜಿಗೆ ಮಕ್ಕಳ ಬಿಳಿ ಅಂಟು ಸಾಕು. ಸೂಪರ್ ಗ್ಲೂ ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಕಾರಿನ ಮೈ ಪಕ್ಕದ ಕ್ರೋಮ್ ಪಟ್ಟಿಗೆ ಬಣ್ಣ ಬಳಿಯಬೇಡಿ, ಬೇರ್ ಮೆಟಲ್ ಫಾಯಿಲ್ ಅಂತ ತೆಳು ಲೋಹದ ಹಾಳೆ ಸಿಗುತ್ತದೆ, ನಮ್ಮ ಮಿಶಿಗನ್ನಿನದೇ. ಅದನ್ನು ಅಂಟಿಸಿ, ಹರಿತವಾದ ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿ.

ಹಳೇ ಕಿಟ್ಟಿಗೆ ಕೈ ಹಾಕಲು ಇನ್ನೂ ಭಯವೇ? ಹೊಸದು ತನ್ನಿ. ಎಎಂಟಿ, ಎಂಪಿಸಿ ಹೆಸರು ಈಗ ಇಂಡಿಯಾನಾದ ಸೌತ್ ಬೆಂಡ್‌ನ ರೌಂಡ್ 2 ಕಂಪನಿಯ ಬಳಿ ಇದೆ. ಅವರು ಹಳೆಯವನ್ನು ಮತ್ತೆ ತರುತ್ತಿದ್ದಾರೆ, ಅಚ್ಚು ಕಳೆದುಹೋದ ಕೆಲವಕ್ಕೆ ಹೊಸ ಅಚ್ಚೇ ಮಾಡಿಸಿದ್ದಾರೆ. ಮೊದಲ ಕಾರಿಗೆ 1957ರ ಬೆಲ್ ಏರ್ ತೆಗೆದುಕೊಳ್ಳಿ. ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ, ಡ್ರೀಮ್ ಕ್ರೂಸ್, ನಡೆಯುವಾಗ ಅಸಲಿ ಬೆಲ್ ಏರ್‌ಗಳು ಸಾಲಾಗಿ ಬರುತ್ತವೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಾಲೀಕರು ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಸಂಕೋಚ ಬೇಡ, ಕೇಳಿದರೆ ಬಾನೆಟ್ ಎತ್ತುತ್ತಾರೆ. ಇಂಜಿನ್ನಿನ ಬಣ್ಣ, ವೈರುಗಳು ಯಾವ ಕಡೆಯಿಂದ ಹೋಗಿವೆ, ಎಲ್ಲದರ ಫೋಟೋ ತೆಗೆದುಕೊಳ್ಳಿ. ನಮಸ್ಕಾರ.